ಮೂರನೇ ಯಂತ್ರಕ್ಕೆ ಸಾಲ ಮಾಡುವ ಮುನ್ನ

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಎರಡು ಸಿಎನ್‌ಸಿ ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ನಡೆಸುವ ಲೇತ್), ಒಂದು ವಿಎಂಸಿ (ಮಿಲ್ಲಿಂಗ್ ಯಂತ್ರ), ಎರಡು ಪಾಳಿ, ಹನ್ನೊಂದು ಜನ. ವಾಲ್ವ್ ಕಂಪನಿಗಳಿಗೆ ಸೀಟ್ ರಿಂಗ್, ಸ್ಟೆಮ್, ಬಾನೆಟ್ ಮಾಡಿಕೊಡುತ್ತೇವೆ. ಯಂತ್ರಗಳು ದಿನವಿಡೀ ಓಡುತ್ತಲೇ ಇರುತ್ತವೆ, ಆದರೂ ಡೆಲಿವರಿ ಎರಡು ಮೂರು ವಾರ ತಡ. ನೂರಕ್ಕೆ ಆರು ಪೀಸ್ ರಿಜೆಕ್ಟ್. ಗ್ರಾಹಕ ಕಂಪನಿಯವರು ಓಇಇ (ಪಾಳಿಯ ಹೊತ್ತಿನಲ್ಲಿ ಒಳ್ಳೆಯ ಪೀಸ್‌ಗೆ ಸಂದ ಪಾಲಿನ ಲೆಕ್ಕ), ಫೈವ್ ಎಸ್ (ಶಾಪ್ ಓರಣವಾಗಿಡುವ ಪದ್ಧತಿ), ಕೈಜೆನ್ (ನಿತ್ಯದ ಸಣ್ಣ ಸುಧಾರಣೆ) ಮಾಡಿ ಎಂದರು. ಗೋಡೆಗೆ ಬೋರ್ಡ್ ಹಾಕಿದೆವು, ನೆಲಕ್ಕೆ ಹಳದಿ ಗೆರೆ ಎಳೆದೆವು, ಏನೂ ಬದಲಾಗಲಿಲ್ಲ. 25 ಲಕ್ಷ ಸಾಲ ಮಾಡಿ ಮೂರನೇ ಟರ್ನಿಂಗ್ ಸೆಂಟರ್ ಹಾಕಬಹುದೇ?

ಉತ್ತರ: ಈಗಲೇ ಬೇಡ. ಶೇ 10ರ ಬಡ್ಡಿಗೆ ಐದು ವರ್ಷದ ಸಾಲ ಎಂದರೆ ತಿಂಗಳ ಕಂತು ಸುಮಾರು 53,000 ರೂಪಾಯಿ. ಅಷ್ಟು ಹಣ ಕಟ್ಟಿ ಕೊಳ್ಳಲು ಹೊರಟಿರುವ ಯಂತ್ರದ ಗಂಟೆಗಳು ಈಗಿರುವ ಎರಡು ಯಂತ್ರಗಳಲ್ಲೇ ಸೋರಿಹೋಗುತ್ತಿರುವ ಸಾಧ್ಯತೆ ಬಹಳ. ಯಂತ್ರಗಳು ‘ಓಡುತ್ತಲೇ ಇರುತ್ತವೆ’ ಎಂದಿದ್ದೀರಿ. ಯಂತ್ರದ ದೀಪ ಉರಿಯುವುದು ಬೇರೆ, ಟೂಲ್ ಲೋಹ ಕಡಿಯುವುದು ಬೇರೆ. ಮೊದಲು ಈ ಎರಡರ ನಡುವಿನ ಅಂತರ ಅಳೆಯಬೇಕು.

ಅಳೆಯುವುದಕ್ಕೆ ಸಾಫ್ಟ್‌ವೇರ್ ಬೇಡ. ಪ್ರತಿ ಯಂತ್ರಕ್ಕೆ ಒಂದು ರಟ್ಟು, ಒಂದು ಹಾಳೆ, ದಾರ ಕಟ್ಟಿದ ಒಂದು ಪೆನ್ನು ಸಾಕು. ಯಂತ್ರ ಮೂರು ನಿಮಿಷಕ್ಕಿಂತ ಹೆಚ್ಚು ನಿಂತರೆ ಆಪರೇಟರ್ ನಿಂತ ಹೊತ್ತು, ಮತ್ತೆ ಶುರುವಾದ ಹೊತ್ತು, ಕಾರಣ ಮೂರನ್ನೂ ಬರೆಯಲಿ. ಕಾರಣಗಳು ಎಂಟಕ್ಕಿಂತ ಹೆಚ್ಚು ಬೇಡ: ಸೆಟ್ಟಿಂಗ್ (ಒಂದು ಜಾಬ್ ಮುಗಿದು ಇನ್ನೊಂದಕ್ಕೆ ಯಂತ್ರ ಅಣಿ ಮಾಡುವುದು), ಮಾಲು ಇಲ್ಲ, ಇನ್ಸರ್ಟ್ (ಟೂಲಿನ ತುದಿಯಲ್ಲಿ ಕಡಿಯುವ ಬಿಲ್ಲೆ) ಅಥವಾ ಟೂಲ್ ಇಲ್ಲ, ಇನ್‌ಸ್ಪೆಕ್ಷನ್‌ಗೆ ಕಾಯುವುದು, ಡ್ರಾಯಿಂಗ್ ಅಥವಾ ಪ್ರೋಗ್ರಾಂ ಗೊಂದಲ, ಯಂತ್ರ ಕೆಟ್ಟಿದ್ದು, ಕರೆಂಟ್, ಆಳು ಇಲ್ಲ. ‘ಇತರೆ’ ಎಂಬ ಕಾಲಂ ಇಟ್ಟರೆ ಎಲ್ಲವೂ ಅಲ್ಲಿಗೇ ಹೋಗಿ ಬೀಳುತ್ತದೆ. ಹಾಗಾಗಿ ಅದು ಬೇಡ. ಎರಡು ವಾರ ಬರೆಸಿ. ಹಾಳೆ ನೋಡಿ ಯಾರನ್ನೂ ಬೈಯಬೇಡಿ, ಯಾರ ಓವರ್‌ಟೈಮ್ ಹಣವನ್ನೂ ಮುರಿಯಬೇಡಿ. ಒಮ್ಮೆ ಹಾಗಾದರೆ ಮರುದಿನದಿಂದ ಬರುವ ಲೆಕ್ಕವೆಲ್ಲ ನಿಮ್ಮನ್ನು ಸಮಾಧಾನಪಡಿಸುವ ಲೆಕ್ಕವೇ ಆಗಿರುತ್ತದೆ. ನಿಂತ ಯಂತ್ರದ ಮುಂದೆ ಹೋಗಿ ‘ಯಾಕ ನಿಂತೈತಿ?’ ಎಂದು ಕೇಳಿದರೆ ಹುಡುಗ ನೆಪ ಹುಡುಕುತ್ತಾನೆ. ‘ಏನ್ ಬೇಕಾಗೇತಿ?’ ಎಂದು ಕೇಳಿದರೆ ಕಾರಣ ಹೇಳುತ್ತಾನೆ.

ಹಾಳೆ ಕೈಗೆ ಬಂದ ಮೇಲೆ ಲೆಕ್ಕ ಹೀಗೆ. ಊಟ ಕಳೆದು ಪಾಳಿ 480 ನಿಮಿಷ ಎನ್ನಿ. ಎರಡು ಸೆಟ್ಟಿಂಗ್, ತಲಾ 55 ನಿಮಿಷದಂತೆ 110. ಬಿಡಿ ನಿಲುಗಡೆಗಳು 50. ಉಳಿದದ್ದು 320 ನಿಮಿಷ, ಅಂದರೆ ಲಭ್ಯತೆ ಶೇ 66.7. ಒಂದು ಪೀಸ್‌ಗೆ 4 ನಿಮಿಷದ ಸೈಕಲ್ ಆದರೆ 80 ಪೀಸ್ ಆಗಬೇಕಿತ್ತು, ಆದದ್ದು 68. ವೇಗ ಶೇ 85. ಅದರಲ್ಲಿ ಒಳ್ಳೆಯವು 64, ಗುಣಮಟ್ಟ ಶೇ 94. ಮೂರನ್ನೂ ಗುಣಿಸಿದರೆ ಓಇಇ ಶೇ 53. ಸುತ್ತುಬಳಸಿಲ್ಲದೆ ಹೇಳುವುದಾದರೆ, 64 ಪೀಸ್‌ಗೆ ತಲಾ 4 ನಿಮಿಷ, 256 ನಿಮಿಷದ ಕೆಲಸಕ್ಕೆ ನೀವು 480 ನಿಮಿಷದ ಸಂಬಳ, ಕರೆಂಟು, ಕಂತು ಕೊಟ್ಟಿದ್ದೀರಿ.

ಎಲ್ಲರೂ ಹೇಳುವ ‘ಶೇ 85 ವಿಶ್ವದರ್ಜೆ’ ಎಂಬ ಅಂಕಿ ಜಪಾನಿನ ಯಂತ್ರ ನಿರ್ವಹಣಾ ತಜ್ಞ ಸೈಚಿ ನಕಾಜಿಮಾ ಅವರದು. ಲಭ್ಯತೆ 90, ವೇಗ 95, ಗುಣಮಟ್ಟ 99 ಎಂದು ಗುಣಿಸಿದರೆ ಅಷ್ಟು ಬರುತ್ತದೆ. ದಿನಗಟ್ಟಲೆ ಒಂದೇ ಭಾಗ ಮಾಡುವ ಲೈನ್‌ಗೆ ಆ ಗುರಿ ಸರಿ. ಪಾಳಿಗೆರಡು ಸೆಟ್ಟಿಂಗ್ ಮಾಡುವ ಜಾಬ್ ಶಾಪ್‌ಗೆ ಸಲ್ಲದು. ನಿಮಗೆ ಶೇ 70 ಬಂದರೆ ಬಹಳ ದೊಡ್ಡದು. ಇಲ್ಲೊಂದು ಮೋಸವೂ ಇದೆ. ಸೈಕಲ್ ಟೈಮನ್ನು 4 ನಿಮಿಷದ ಬದಲು 5 ಎಂದು ಬರೆದುಕೊಂಡರೆ ಓಇಇ ತಾನಾಗಿ ಏರುತ್ತದೆ, ಪೀಸ್ ಒಂದೂ ಹೆಚ್ಚಾಗುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ನೀವೇ ಹತ್ತು ಸೈಕಲ್ ಅಳೆದು, ಅದರಲ್ಲಿ ಅಡೆತಡೆಯಿಲ್ಲದ ಅತಿ ಕಡಿಮೆ ಹೊತ್ತನ್ನು ಹಿಡಿಯಿರಿ.

ಈಗ ಮುಖ್ಯ ಮಾತು, ಆ 55 ನಿಮಿಷದ ಸೆಟ್ಟಿಂಗ್. ಒಂದು ಸೆಟ್ಟಿಂಗನ್ನು ಮೊಬೈಲಿನಲ್ಲಿ ಪೂರ್ತಿ ವಿಡಿಯೊ ಮಾಡಿ, ಆ ಸೆಟ್ಟರ್ ಜೊತೆಗೇ ಕೂತು ನೋಡಿ. ಸಾಮಾನ್ಯವಾಗಿ ಕಾಣುವುದು ಇಷ್ಟು: ಡ್ರಾಯಿಂಗ್, ಪ್ರೋಗ್ರಾಂ ಹುಡುಕುವುದಕ್ಕೆ 6 ನಿಮಿಷ, ಜಾ (ತಿರುಗುವ ಚಕ್ಕಿನಲ್ಲಿ ಪೀಸನ್ನು ಕಚ್ಚಿ ಹಿಡಿಯುವ ಭಾಗ) ಹುಡುಕಿ ಕೂರಿಸಲು 14, ಸಾಫ್ಟ್ ಜಾವನ್ನು (ಪೀಸಿನ ಅಳತೆಗೆ ಕಡಿದುಕೊಳ್ಳುವ ಮೆದು ಜಾ) ಬೋರ್ ಮಾಡಲು 8, ಟೂಲ್ ಕಟ್ಟಿ ಟಚ್ ಮಾಡಲು (ತುದಿ ತಾಗಿಸಿ ಸ್ಥಾನ ಹಿಡಿಯಲು) 13, ಮೊದಲ ಪೀಸ್ ಓಡಿಸಲು 5, ಇನ್‌ಸ್ಪೆಕ್ಟರ್ ಬಂದು ‘ಓಕೆ’ ಅನ್ನುವವರೆಗೆ 9. ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಹೇಳಿಕೊಟ್ಟ ಸೂತ್ರ ಸರಳ. ಯಂತ್ರ ನಿಲ್ಲಿಸಿ ಮಾಡಲೇಬೇಕಾದ ಕೆಲಸ ಯಾವುದು, ಹಿಂದಿನ ಜಾಬ್ ಓಡುತ್ತಿರುವಾಗಲೇ ಮುಗಿಸಬಹುದಾದ ಕೆಲಸ ಯಾವುದು ಎಂದು ಬೇರ್ಪಡಿಸಿ, ಎರಡನೆಯದನ್ನೆಲ್ಲ ಹೊರಗೆ ತಳ್ಳುವುದು. 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ಸಿನ ನಾಲ್ಕು ಗಂಟೆಯ ಬದಲಾವಣೆಯನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದ್ದು ಇದೇ ದಾರಿಯಲ್ಲಿ. ನಿಮಗೆ 3 ನಿಮಿಷ ಬೇಡ, 20 ಬಂದರೆ ಸಾಕು.

ಒಂದು ಗಾಲಿ ಟ್ರಾಲಿ ಮಾಡಿಸಿ. ಮುಂದಿನ ಜಾಬ್‌ನ ಡ್ರಾಯಿಂಗ್, ಜಾ ಸೆಟ್, ಇನ್ಸರ್ಟ್, ಪ್ಲಗ್ ಗೇಜ್, ಮೊದಲ ಎರಡು ಕ್ಯಾಸ್ಟಿಂಗ್ (ಎರಕದ ಕಚ್ಚಾ ಪೀಸ್) ಎಲ್ಲವೂ ಹಿಂದಿನ ಜಾಬ್ ಮುಗಿಯಲು ಅರ್ಧ ಗಂಟೆ ಇರುವಾಗಲೇ ಅದರಲ್ಲಿ ಕೂತಿರಬೇಕು. ಪ್ರೋಗ್ರಾಂ ಹೆಸರಿನಲ್ಲಿ ಭಾಗದ ನಂಬರ್ ಜೊತೆ ಡ್ರಾಯಿಂಗಿನ ರಿವಿಷನ್ನೂ ಇರಲಿ. ಹಳೆ ರಿವಿಷನ್ನಿನ ಪ್ರೋಗ್ರಾಂ ಓಡಿಸಿ ಇಡೀ ಲಾಟ್ ಕಳೆದುಕೊಳ್ಳುವುದು ಸಣ್ಣ ಶಾಪ್‌ಗಳ ದುಬಾರಿ ತಪ್ಪು. ಟರೆಟ್‌ನಲ್ಲಿ (ಟೂಲ್‌ಗಳು ಕೂರುವ ತಿರುಗುತಲೆ) ಜಾಗಗಳನ್ನು ಕಾಯಂ ಮಾಡಿ: ಒಂದನೇ ಸ್ಟೇಷನ್ನಿನಲ್ಲಿ ಯಾವಾಗಲೂ ಹೊರಗಿನ ರಫಿಂಗ್, ಮೂರರಲ್ಲಿ ಫಿನಿಶಿಂಗ್, ಐದರಲ್ಲಿ ಬೋರಿಂಗ್ ಬಾರ್. ಎರಡೂ ಯಂತ್ರಗಳಲ್ಲಿ ಇದೇ ಜೋಡಣೆ ಇದ್ದರೆ ಹೆಚ್ಚಿನ ಜಾಬ್‌ಗಳಿಗೆ ಬದಲಾಗಬೇಕಾದ್ದು ಒಂದೋ ಎರಡೋ ಟೂಲ್ ಮಾತ್ರ. ಸಾಫ್ಟ್ ಜಾಗಳಿಗೆ ಭಾಗದ ನಂಬರ್ ಪಂಚ್ ಮಾಡಿ, ಮಾಸ್ಟರ್ ಜಾದ ಎಷ್ಟನೇ ಹಲ್ಲಿನಲ್ಲಿ ಕೂತಿತ್ತು ಎಂದೂ ಕೊರೆದಿಡಿ. ಮರಳಿ ಕಟ್ಟಿದಾಗ ರನ್‌ಔಟ್ (ತಿರುಗುವಾಗಿನ ಓಲಾಟ) ಇದ್ದೇ ಇರುತ್ತದೆ, ಆದರೆ ಪೂರ್ತಿ ಬೋರ್ ಮಾಡುವ ಬದಲು ಎರಡು ನಿಮಿಷದ ಸ್ಕಿಮ್ (ತೆಳುವಾಗಿ ಕಡಿಯುವುದು) ಸಾಕಾಗುತ್ತದೆ. ಇನ್‌ಸ್ಪೆಕ್ಟರ್ ಯಂತ್ರದ ಹತ್ತಿರ ಬರಲಿ, ಪೀಸ್ ಅವರ ಟೇಬಲ್ ಮೇಲೆ ಸರದಿ ಕಾಯುವುದು ಬೇಡ. ಹೀಗಾದರೆ ಡ್ರಾಯಿಂಗ್ 1, ಜಾ 5, ಸ್ಕಿಮ್ 2, ಟೂಲ್ 5, ಮೊದಲ ಪೀಸ್ 5, ಓಕೆ 2, ಒಟ್ಟು 20 ನಿಮಿಷ.

ಸೆಟ್ಟಿಂಗ್‌ಗೆ 35 ನಿಮಿಷ ಉಳಿದರೆ ಎರಡು ಯಂತ್ರ, ಎರಡು ಪಾಳಿ, ಪಾಳಿಗೆ ಎರಡು ಸೆಟ್ಟಿಂಗ್‌ಗೆ ದಿನಕ್ಕೆ 280 ನಿಮಿಷ. ಅದಕ್ಕೂ ಶೇ 85ರ ವೇಗ, ಶೇ 94ರ ಗುಣಮಟ್ಟ ಹಿಡಿದರೆ 224 ನಿಮಿಷದ ಒಳ್ಳೆಯ ಕೆಲಸ. ಮೂರನೇ ಯಂತ್ರ ಬಂದರೂ, ಈಗಿನ ಪದ್ಧತಿಯಲ್ಲೇ ನಡೆಸಿದರೆ, ಒಂದು ಪಾಳಿಗೆ ಕೊಡುವುದು ಮೇಲೆ ಕಂಡ 256 ನಿಮಿಷ. ಹೆಚ್ಚುಕಡಿಮೆ ಒಂದು ಪಾಳಿಯ ಯಂತ್ರ ನಿಮ್ಮ ಶೆಡ್ಡಿನಲ್ಲಿ ಈಗಾಗಲೇ ಇದೆ, ಅದಕ್ಕೆ ಬೇಕಾದ ಖರ್ಚು ಒಂದು ಟ್ರಾಲಿ ಮತ್ತು ಇನ್ನೆರಡು ಮೂರು ಸೆಟ್ ಜಾ.

ಇನ್ನು ತಡವಾಗುವ ಡೆಲಿವರಿ. ಇದು ಯಂತ್ರದ ವೇಗದ ಪ್ರಶ್ನೆಯೇ ಅಲ್ಲ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ನೆಲದ ಮೇಲಿರುವ ಮಾಲನ್ನು ದಿನಕ್ಕೆ ಹೊರಬೀಳುವ ಮಾಲಿನಿಂದ ಭಾಗಿಸಿದರೆ, ಒಂದು ಪೀಸ್ ಒಳಬಂದು ಹೊರಹೋಗಲು ಹಿಡಿಯುವ ದಿನಗಳು ಸಿಗುತ್ತವೆ. ನಿಮ್ಮಲ್ಲಿ ಪಾಳಿಗೆ ಯಂತ್ರವೊಂದಕ್ಕೆ 64ರಂತೆ ದಿನಕ್ಕೆ 256 ಆಪರೇಷನ್. ಪ್ರತಿ ಪೀಸ್‌ಗೆ ಎರಡು ಬದಿ ಎಂದರೆ 128 ಪೀಸ್. ನೆಲದ ಮೇಲೆ 2,560 ಅರ್ಧಂಬರ್ಧ ಪೀಸ್ ಇದ್ದರೆ ಇವತ್ತು ಒಳಬಂದದ್ದು ಹೊರಹೋಗುವುದು 20 ಕೆಲಸದ ದಿನಗಳ ಮೇಲೆ. ಟೂಲ್ ತಗಲುವುದು ಎಂಟೇ ನಿಮಿಷ, ಉಳಿದದ್ದೆಲ್ಲ ಕ್ರೇಟಿನಲ್ಲಿ ಕಾಯುವುದು. ನೆಲದ ಮಾಲನ್ನು 1,280ಕ್ಕೆ ಇಳಿಸಿದರೆ, ಯಂತ್ರ ಅದೇ ಇದ್ದರೂ, 10 ದಿನ.

ಇಳಿಸುವುದು ಹೇಗೆ? ಬೆಳಗಾವಿಯ ಫೌಂಡ್ರಿಯಿಂದ ಲಾರಿ ಬಂತೆಂದು ಕ್ಯಾಸ್ಟಿಂಗನ್ನೆಲ್ಲ ಶಾಪ್ ಒಳಗೆ ಬಿಡಬೇಡಿ. ಸ್ಟೋರಿನಲ್ಲೇ ಇರಲಿ. ಒಂದು ಲಾಟ್ ಪೂರ್ತಿಯಾಗಿ ಡಿಸ್ಪ್ಯಾಚ್ ಆದ ಮೇಲೆ ಮಾತ್ರ ಇನ್ನೊಂದು ಲಾಟ್ ಒಳಗೆ. ‘ಯಂತ್ರ ಖಾಲಿ ಕೂರಬಾರದು’ ಎಂದು ಮುಂದಿನ ತಿಂಗಳ ಜಾಬನ್ನು ಈಗ ಹಚ್ಚಿದರೆ ಈ ವಾರದ ಜಾಬ್ ಅದರ ಹಿಂದೆ ನಿಲ್ಲುತ್ತದೆ. ಫೋನ್ ಬಂದವರ ಜಾಬನ್ನು ನಡುವೆ ತೂರಿಸುವುದನ್ನೂ ಬಿಡಬೇಕು. ಅದರಿಂದ ಒಂದು ಸೆಟ್ಟಿಂಗ್ ಹೆಚ್ಚಾಗುತ್ತದೆ, ತಳ್ಳಿಟ್ಟ ಜಾಬ್ ಇನ್ನೊಬ್ಬರ ತಡವಾಗುತ್ತದೆ.

ಸೆಟ್ಟಿಂಗ್ ಇಳಿದ ಮೇಲೆ ಲಾಟನ್ನೂ ಚಿಕ್ಕದು ಮಾಡಬಹುದು. 55 ನಿಮಿಷದ ಸೆಟ್ಟಿಂಗನ್ನು 400 ಪೀಸ್‌ಗೆ ಹಂಚುವುದೂ ಒಂದೇ, 20 ನಿಮಿಷವನ್ನು 150ಕ್ಕೆ ಹಂಚುವುದೂ ಒಂದೇ. ಆದರೆ ಉಳಿಸಿದ ನಿಮಿಷವನ್ನು ಎರಡು ಸಲ ಖರ್ಚು ಮಾಡಲಾಗದು. ಲಾಟ್ ಚಿಕ್ಕದಾದಷ್ಟೂ ಸೆಟ್ಟಿಂಗ್ ಸಂಖ್ಯೆ ಏರಿ ಆ 280 ನಿಮಿಷ ಕರಗುತ್ತದೆ. ನಿಮ್ಮ ಸ್ಥಿತಿಯಲ್ಲಿ ಮೊದಲ ಆರು ವಾರ ಉಳಿದ ಹೊತ್ತನ್ನೆಲ್ಲ ಬಾಕಿ ಆರ್ಡರ್ ತೀರಿಸಲು ಹಾಕಿ. ಆಮೇಲೆ ಲಾಟ್ ಚಿಕ್ಕದು ಮಾಡಿ.

ರಿಜೆಕ್ಷನ್‌ಗೆ ಬರೋಣ. ನೂರಕ್ಕೆ ಆರು ಎಂಬ ಒಟ್ಟು ಅಂಕಿಯಿಂದ ಏನೂ ತಿಳಿಯದು. ಮೊದಲು ಎರಡು ಕ್ರೇಟ್ ಮಾಡಿ: ಕ್ಯಾಸ್ಟಿಂಗಿನಲ್ಲೇ ಬ್ಲೋಹೋಲ್ (ಗಾಳಿಗುಳ್ಳೆಯ ತೂತು), ಸ್ಯಾಂಡ್ (ಅಚ್ಚಿನ ಮರಳು) ಇದ್ದವು ಒಂದು ಕಡೆ, ನಿಮ್ಮ ಯಂತ್ರದಲ್ಲಿ ಹಾಳಾದವು ಇನ್ನೊಂದು ಕಡೆ. ಮೊದಲನೆಯದಕ್ಕೆ ಫೌಂಡ್ರಿಯೊಂದಿಗೆ ಮಾತಾಡಬೇಕು, ಬರೀ ಕ್ಯಾಸ್ಟಿಂಗ್ ಬೆಲೆಯಲ್ಲ, ಕಳೆದ ಯಂತ್ರದ ಹೊತ್ತನ್ನೂ ಲೆಕ್ಕ ಹಚ್ಚಿ. ಬ್ಲೋಹೋಲ್ ಹೆಚ್ಚಾಗಿ ಕಾಣುವ ಮುಖವನ್ನು ಮೊದಲ ಆಪರೇಷನ್ನಿನಲ್ಲೇ ಕಡಿಯಿರಿ. ಕೊನೆಯಲ್ಲಿ ಗೊತ್ತಾದರೆ ಅಷ್ಟೂ ಶ್ರಮ ದಂಡ.

ಎರಡನೆಯ ಕ್ರೇಟಿನಲ್ಲಿ ಸೀಟ್ ರಿಂಗ್‌ಗಳೇ ಹೆಚ್ಚಿದ್ದರೆ ಚಕ್ ನೋಡಿ. ತೆಳು ರಿಂಗನ್ನು ಮೂರು ಜಾ ಬಿಗಿಯಾಗಿ ಹಿಡಿದಾಗ ಅದು ಮೂರು ಕಡೆ ಒಳಗೆ ಒತ್ತಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಬೋರ್ (ಒಳಗಿನ ತೂತು) ಗುಂಡಗೆ ಬರುತ್ತದೆ, ಚಕ್ ಬಿಟ್ಟೊಡನೆ ರಿಂಗ್ ಹಿಂದಕ್ಕೆ ಚಿಮ್ಮಿ ಬೋರ್ ಮೂರು ಮೂಲೆಯದಾಗುತ್ತದೆ. ಇದರಲ್ಲಿ ಕಣ್ಣಿಗೆ ಮಣ್ಣೆರಚುವ ಸಂಗತಿಯೆಂದರೆ, ಮೂರು ಉಬ್ಬಿನ ಆಕಾರ ಎದುರುಬದುರು ಎರಡು ಬಿಂದುಗಳಲ್ಲಿ ಅಳೆದರೆ ಎಲ್ಲಾ ಕಡೆ ಸರಿಸುಮಾರು ಒಂದೇ ವ್ಯಾಸ ತೋರಿಸುತ್ತದೆ. ಎರಡು ಬಿಂದುವಿನ ಬೋರ್ ಗೇಜ್ ‘ಪಾಸ್’ ಎನ್ನುತ್ತದೆ, ಗ್ರಾಹಕರ ಟೆಸ್ಟ್ ಬೆಂಚಿನಲ್ಲಿ ವಾಲ್ವ್ ಸೋರುತ್ತದೆ. ಮೂರು ಬಿಂದುವಿನ ಬೋರ್ ಮೈಕ್ರೋಮೀಟರ್ ಹಾಕಿ, ಒಂದು ರೀಡಿಂಗ್ ತೆಗೆದು, 60 ಡಿಗ್ರಿ ತಿರುಗಿಸಿ ಇನ್ನೊಂದು ತೆಗೆಯಿರಿ. ವ್ಯತ್ಯಾಸ ಬಂದರೆ ಕಾಯಿಲೆ ಇದೇ. ಪೀಸನ್ನು ಚಕ್ಕಿನಿಂದ ಬಿಚ್ಚಿದ ಮೇಲೆಯೇ ಅಳೆಯಬೇಕು. ಮದ್ದು: ರಿಂಗನ್ನು ಸುತ್ತಲೂ ತಬ್ಬಿ ಹಿಡಿಯುವ ಅಗಲದ ಸಾಫ್ಟ್ ಜಾ, ಫಿನಿಶಿಂಗ್‌ಗೆ ಕಡಿಮೆ ಒತ್ತಡ, ಮತ್ತು ಜಾವನ್ನು ಬೋರ್ ಮಾಡುವಾಗಲೂ ಅದೇ ಒತ್ತಡ. ಒತ್ತಡ ಇಳಿಸಿದಾಗ ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ವೇಗವನ್ನೂ ಇಳಿಸಲೇಬೇಕು. ವೇಗ ಏರಿದಂತೆ ಜಾ ಹೊರಕ್ಕೆ ಎಳೆದು ಹಿಡಿತ ಸಡಿಲವಾಗುತ್ತದೆ, ಪೀಸ್ ಹಾರಿದರೆ ಪ್ರಾಣಕ್ಕೆ ಅಪಾಯ. ಜಾಗಳಿಗೆ ವಾರಕ್ಕೊಮ್ಮೆ ಗ್ರೀಸ್ ಕೊಡಿ, ಒಣಗಿದ ಚಕ್ ಮೀಟರಿನಲ್ಲಿ ಒತ್ತಡ ತೋರಿಸಿದರೂ ಹಿಡಿತದ ಅರ್ಧದಷ್ಟನ್ನು ಕಳೆದುಕೊಂಡಿರಬಹುದು.

ಇನ್ನೊಂದು ಕಾರಣ ಬಿಸಿ. ಎಸ್‌ಎಸ್ 316 ಸ್ಟೇನ್‌ಲೆಸ್ ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 16 ಮೈಕ್ರಾನ್ ಹಿಗ್ಗುತ್ತದೆ. 100 ಮಿಮೀ ವ್ಯಾಸದ ಪೀಸ್ ಯಂತ್ರದಿಂದ 15 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬಂದರೆ 24 ಮೈಕ್ರಾನ್ ದೊಡ್ಡದಾಗಿ ಅಳತೆಗೆ ಸಿಗುತ್ತದೆ. ಆಪರೇಟರ್ ಆಗಲೇ ಅಳೆದು ಆಫ್‌ಸೆಟ್ (ಟೂಲಿನ ಸ್ಥಾನ ಹೊಂದಿಸುವ ಅಂಕಿ) ತಿದ್ದುತ್ತಾನೆ, ಸಂಜೆ ಇನ್‌ಸ್ಪೆಕ್ಷನ್‌ನಲ್ಲಿ ಲಾಟ್ ಪೂರ್ತಿ ಅಂಡರ್‌ಸೈಜ್. ಪೀಸನ್ನು ಕೂಲಂಟಿನಲ್ಲಿ (ಕಡಿಯುವಾಗ ಸುರಿಯುವ ತಂಪು ದ್ರವ) ಅದ್ದಿ, ಒರೆಸಿ, ಐದು ನಿಮಿಷ ಸರ್ಫೇಸ್ ಪ್ಲೇಟಿನ ಮೇಲಿಟ್ಟು ಅಳೆಯುವ ರೂಢಿ ಮಾಡಿಸಿ. ಬೆಳಿಗ್ಗೆ ಮೊದಲ ಪೀಸಿಗೆ ಮುಂಚೆ 15 ನಿಮಿಷ ಸ್ಪಿಂಡಲನ್ನು ಖಾಲಿ ಓಡಿಸಿ.

ಪ್ರತಿ ಪೀಸಿಗೂ ಆಫ್‌ಸೆಟ್ ತಿದ್ದುವ ಆಪರೇಟರ್ ಜಾಗರೂಕನಂತೆ ಕಾಣುತ್ತಾನೆ, ನಿಜಕ್ಕೂ ಏರಿಳಿತವನ್ನು ಅವನೇ ಹೆಚ್ಚಿಸುತ್ತಿರುತ್ತಾನೆ. ಅದರ ಬದಲು ಮೂರು ಬಣ್ಣದ ಲೆಕ್ಕ ಹಿಡಿಯಲಿ: ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಒಟ್ಟು ಅಂತರ) 0.05 ಮಿಮೀ ಇದ್ದರೆ ನಡುವಿನ 0.025 ಹಸಿರು, ಎರಡೂ ಪಕ್ಕದ 0.0125 ಹಳದಿ, ಆಚೆಗೆ ಕೆಂಪು. ಸತತ ಐದು ಪೀಸ್ ಹಸಿರಿನಲ್ಲಿ ಬಂದರೆ ಸೆಟ್ಟಿಂಗ್ ಪಾಸ್. ಆಮೇಲೆ ಓಟದಲ್ಲಿ ಒಂದು ಹಳದಿ ಬಂದರೆ ಕೈ ಹಾಕದೆ ಮುಂದಿನ ಪೀಸ್ ಅಳೆಯಲಿ. ಎರಡೂ ಒಂದೇ ಪಕ್ಕದ ಹಳದಿಯಾದರೆ ಮಾತ್ರ ತಿದ್ದುಪಡಿ. ಎರಡು ಹಳದಿ ಬೇರೆ ಬೇರೆ ಪಕ್ಕದಲ್ಲಿ ಬಂದರೆ ಆಫ್‌ಸೆಟ್ ಮುಟ್ಟಬಾರದು: ಇನ್ಸರ್ಟ್, ಕ್ಲ್ಯಾಂಪ್, ಜಾ ಯಾವುದೋ ಸಡಿಲವಾಗಿದೆ. ಕೆಂಪು ಬಂದರೆ ಯಂತ್ರ ನಿಲ್ಲಬೇಕು. ಆಫ್‌ಸೆಟ್ ಹಾಕುವಾಗ ಚುಕ್ಕೆ ತಪ್ಪುವುದು, ಪ್ಲಸ್ ಮೈನಸ್ ಅದಲುಬದಲಾಗುವುದು, ಎಕ್ಸ್ ಅಕ್ಷದ ಅಂಕಿ ವ್ಯಾಸದ ಲೆಕ್ಕವೋ ತ್ರಿಜ್ಯದ ಲೆಕ್ಕವೋ ಎಂದು ಮರೆಯುವುದು ಕ್ರ್ಯಾಶ್‌ಗೆ ದಾರಿ. ಒಂದೇ ಸಲ ಇಂತಿಷ್ಟಕ್ಕಿಂತ ಹೆಚ್ಚು ತಿದ್ದಲು ಬಿಡದ ಮಿತಿಯನ್ನು ಕಂಟ್ರೋಲರ್‌ನಲ್ಲಿ ಹಾಕಿಸಬಹುದು. ಸರ್ವಿಸ್ ಎಂಜಿನಿಯರ್ ಬಂದಾಗ ಮರೆಯದೆ ಮಾಡಿಸಿಕೊಳ್ಳಿ.

ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಯಂತ್ರದ ಮುಂದಿರಲಿ. ಕೊನೆಯ ಪೀಸ್ ಮೇಲೆ ಮಾರ್ಕರಿನಿಂದ ಅದರ ಅಳತೆ ಬರೆದಿಟ್ಟು ಹೋದರೆ ಬಂದವನು ಎಲ್ಲವನ್ನೂ ಮೊದಲಿನಿಂದ ತಿದ್ದುವುದಿಲ್ಲ.

ಕೂಲಂಟ್ ಬಗ್ಗೆ ಯಾರೂ ಕೇಳುವುದಿಲ್ಲ, ಇನ್ಸರ್ಟ್ ಬೇಗ ಸವೆಯುವುದಕ್ಕೆ ಅರ್ಧ ಕಾರಣ ಅಲ್ಲಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಕೂಲಂಟ್ ಒಡೆದು ಜಿಗುಟು ಕಟ್ಟುತ್ತದೆ. ನೀರು ಆವಿಯಾದಷ್ಟೂ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮಲಪ್ರಭೆಯ ನಲ್ಲಿ ನೀರು ಸಿಕ್ಕರೆ ಅದನ್ನು, ಇಲ್ಲವೇ ಆರ್‌ಒ ನೀರನ್ನು ಬಳಸಿ. ಕೂಲಂಟ್ ಎಷ್ಟು ಗಟ್ಟಿ ಇದೆ ಎಂದು ತೋರಿಸುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಅದರ ರೀಡಿಂಗನ್ನು ಎಣ್ಣೆ ಕಂಪನಿ ಕೊಟ್ಟ ಫ್ಯಾಕ್ಟರಿನಿಂದ ಗುಣಿಸಿದರೆ ಶೇಕಡಾವಾರು ಬರುತ್ತದೆ. ಸಾಮಾನ್ಯ ಉಕ್ಕಿಗೆ 6ರಿಂದ 8, ಸ್ಟೇನ್‌ಲೆಸ್‌ಗೆ 8ರಿಂದ 10. ಯಾವಾಗಲೂ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಟ್ಯಾಂಕ್ ಇಳಿದಾಗ ಬರೀ ನೀರು ಸುರಿಯದೆ 2–3 ಶೇಕಡಾ ಮಿಶ್ರಣ ಸುರಿಯಿರಿ. ಸೋಮವಾರ ಬೆಳಿಗ್ಗೆ ಕೊಳೆತ ವಾಸನೆ ಬಂದರೆ ಮೇಲೆ ತೇಲುವ ಸ್ಲೈಡ್‌ವೇ (ಯಂತ್ರದ ಜಾರುಪಟ್ಟಿಯ) ಎಣ್ಣೆ ತೆಗೆದಿಲ್ಲ ಎಂದರ್ಥ.

ಫೈವ್ ಎಸ್ ಹಳದಿ ಗೆರೆಯಿಂದ ಶುರುವಾಗಬಾರದು. ನಮ್ಮ ಕಡೆ ಖಂಡೇನವಮಿಗೆ ಯಂತ್ರಗಳನ್ನು ಮೂಲೆ ಬಿಡದೆ ತೊಳೆಯುತ್ತಾರೆ, ಆಗಲೇ ಬಿರುಕು ಬಿಟ್ಟ ಹೋಸು, ಸಡಿಲ ಬೋಲ್ಟು, ಖಾಲಿಯಾದ ಲ್ಯೂಬ್ ಟ್ಯಾಂಕು ಕಣ್ಣಿಗೆ ಬೀಳುತ್ತವೆ. ಆ ತೊಳೆಯುವಿಕೆ ವರ್ಷಕ್ಕೊಮ್ಮೆಯ ಬದಲು ಶನಿವಾರ ಇಪ್ಪತ್ತು ನಿಮಿಷ ನಡೆದರೆ ಫೈವ್ ಎಸ್‌ನ ಮುಖ್ಯ ಭಾಗ ಮುಗಿಯಿತು. ಬೇಸಿಗೆಯಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಬಾಗಿಲು ತೆಗೆದು ಫ್ಯಾನ್ ಹಚ್ಚುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕೂಲಂಟ್ ಮಂಜು, ಕಬ್ಬಿಣದ ಧೂಳು ಡ್ರೈವ್ ಒಳಗೆ ಹೋಗಿ ಕೂರುತ್ತದೆ. ಪ್ಯಾನೆಲ್ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದರೆ ಬಾಗಿಲು ತೆಗೆಯುವ ಅಗತ್ಯವೇ ಬಾರದು. ಕಂಟ್ರೋಲರ್, ಎನ್‌ಕೋಡರ್ (ಅಕ್ಷದ ಸ್ಥಾನ ಅಳೆಯುವ ಭಾಗ) ಬ್ಯಾಟರಿಗಳನ್ನು ವರ್ಷಕ್ಕೊಮ್ಮೆ, ಯಂತ್ರ ಆನ್ ಇರುವಾಗಲೇ, ಈ ಕೆಲಸ ಬಲ್ಲವರಿಂದ ಬದಲಿಸಿ. ಆಫ್ ಮಾಡಿ ತೆಗೆದರೆ ಪ್ಯಾರಾಮೀಟರ್, ಹೋಮ್ ಪೊಸಿಷನ್ ಅಳಿಸಿಹೋಗಬಹುದು. ಪ್ಯಾರಾಮೀಟರ್ ಬ್ಯಾಕಪ್ ಒಂದು ಕಾರ್ಡಿನಲ್ಲಿ ಕಪಾಟಿನಲ್ಲಿರಲಿ. ಕಂಪ್ರೆಸರ್ ಸೋರಿಕೆಯನ್ನು ಕೆಲಸ ನಿಂತ ದಿನ ಅಳೆಯಿರಿ: 7 ಬಾರ್‌ನಲ್ಲಿ 3 ಮಿಮೀ ತೂತು ಒಂದಿದ್ದರೂ ಅದಕ್ಕೇ ಸುಮಾರು 3ರಿಂದ 4 ಕಿಲೊವ್ಯಾಟ್ ಹೋಗುತ್ತದೆ.

ಹೊರಗಿನ ನೆರವು ಬೇಕಿದ್ದರೆ ಕೇಂದ್ರದ ಎಂಎಸ್‌ಎಂಇ ಇಲಾಖೆ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಲೀನ್ (ಪೋಲು ತಗ್ಗಿಸುವ) ಯೋಜನೆಯಲ್ಲಿ ಅನುಷ್ಠಾನದ ವೆಚ್ಚದ ಶೇ 90ರಷ್ಟನ್ನು ಸರ್ಕಾರ ಭರಿಸುತ್ತದೆ. ಉದ್ಯಮ್ ನೋಂದಣಿ ಇರಬೇಕು. ಸೆಟ್ಟರ್‌ಗಳ ತರಬೇತಿಗೆ ಹುಬ್ಬಳ್ಳಿಯ ಜಿಟಿಟಿಸಿ, ಧಾರವಾಡದ ಎನ್‌ಟಿಟಿಎಫ್ ಎರಡರಲ್ಲೂ ವಿಚಾರಿಸಿ. ಸಲಹೆಗಾರರು ಬಂದರೂ ಮೇಲೆ ಹೇಳಿದ ಎರಡು ವಾರದ ಹಾಳೆ ನಿಮ್ಮ ಕೈಯಲ್ಲಿರಲಿ. ಇಲ್ಲದಿದ್ದರೆ ಅವರೂ ಬೋರ್ಡಿನಿಂದಲೇ ಶುರು ಮಾಡುತ್ತಾರೆ.

ಮೂರನೇ ಯಂತ್ರ ಯಾವಾಗ? ಸೆಟ್ಟಿಂಗ್ 20–25 ನಿಮಿಷಕ್ಕೆ ಇಳಿದು, ನೆಲದ ಮಾಲು ಅರ್ಧವಾಗಿ, ಓಇಇ ಶೇ 70ರ ಹತ್ತಿರ ಎಂಟು ವಾರ ನಿಂತ ಮೇಲೂ ಆರ್ಡರ್ ಬಾಕಿ ಬೆಳೆಯುತ್ತಿದ್ದರೆ ಆಗ ಕೊಳ್ಳಿ. ಅದಕ್ಕೂ ಮುಂಚೆ ಒಂದು ಸಂಜೆ ಶಾಪ್ ಒಳಗೆ ನಡೆದು, ಕ್ರೇಟುಗಳ ರಾಶಿ ಯಾವ ಯಂತ್ರದ ಮುಂದಿದೆ ನೋಡಿ. ವಿಎಂಸಿಯ ಮುಂದಿದ್ದರೆ ಟರ್ನಿಂಗ್ ಸೆಂಟರ್ ಕೊಂಡು ಆ ರಾಶಿಯನ್ನು ಇನ್ನಷ್ಟು ಎತ್ತರ ಮಾಡಿದಂತಾಗುತ್ತದೆ. ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದಿದ್ದರೆ ನಿಮಗೆ ಬೇಕಿರುವುದು ಇನ್ನೊಂದು ಸೆಟ್ ಗೇಜ್ ಮತ್ತು ಅಳೆಯಲು ಕಲಿತ ಇನ್ನೊಬ್ಬ ಹುಡುಗ.